ಮಾರದ ಸರಕಿಗೂ ಬೀಗವೇ?

ನಮ್ಮೂರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಹೋದ ವಾರ ನಮ್ಮ ಕಚೇರಿಗೆ ಬಂದರು. ಮುಖ ಇಳಿಬಿದ್ದಿತ್ತು. ಅವರ ಅಂಗಡಿಯ ಬೋರ್ಡಿನಲ್ಲಿ ಡಿಸ್‌ಪ್ಲೇ ಬದಲಾವಣೆ, ಚಾರ್ಜಿಂಗ್ ಪಿನ್, ಸ್ಪೀಕರ್ ರಿಪೇರಿ ಎಂಬ ಸಾಲುಗಳ ಕೆಳಗೆ "ಹಳೇ ವಿಡಿಯೋ ಗೇಮ್ ೧೦೦೦ ಲೋಡ್ ಮಾಡಿಕೊಡಲಾಗುವುದು" ಎಂಬ ಸಾಲೂ ಇದೆ. ರಾತ್ರಿ ಪಾಳಿ ಮುಗಿಸಿ ಬರುವ ಗಿರಣಿಯ ಹುಡುಗರು ಆ ಸಾಲು ನೋಡಿಯೇ ಅಲ್ಲಿ ನಿಲ್ಲುತ್ತಾರೆ. ಐವತ್ತು ರೂಪಾಯಿ ಕೊಟ್ಟು ಫೋನಿನಲ್ಲಿ ಗೇಮ್‌ಬಾಯ್ ಆಟ ಹಾಕಿಸಿಕೊಂಡು, ಬಸ್ಸು ಬರುವ ತನಕ ಆಡುತ್ತ ಕೂಡುತ್ತಾರೆ. ಮೊನ್ನೆ ಬಲ್ಲವರೆನಿಸಿಕೊಂಡ ಒಬ್ಬ ಮಹಾಶಯರು ಅಂಗಡಿಯ ಮುಂದೆ ನಿಂತು, "ಇದೆಲ್ಲ ಕಳ್ಳಮಾಲು. ಎಮ್ಯುಲೇಟರ್ ಇಟ್ಟುಕೊಳ್ಳುವುದೇ ಅಪರಾಧ. ಕಂಪನಿಯವರು ಕೇಸು ಹಾಕಿದರೆ ನಿನ್ನ ಅಂಗಡಿ ಹೋಯಿತು" ಎಂದು ಹತ್ತು ಜನರ ಎದುರಿಗೆ ಅಂದುಹೋದರಂತೆ. "ಇಪ್ಪತ್ತು ವರ್ಷ ದುಡಿದು ತಿಂದವ ನಾನು. ನನಗೆ ಕಳ್ಳ ಅಂದರಲ್ರೀ, ಅದು ಹೌದೇನ್ರೀ?" ಎಂದು ಮಿತ್ರರು ಕೇಳಿದರು.

ಒಂದು ಸಾಲಿನ ಉತ್ತರ ಕೊಟ್ಟು ಅವರನ್ನು ಕಳಿಸುವುದು ನಮಗೆ ಸರಿಕಾಣಲಿಲ್ಲ. ಆ ಮಹಾಶಯರ ಮಾತಿನಲ್ಲಿ ಅರ್ಧ ಸುಳ್ಳಿದೆ, ಅರ್ಧ ನಿಜವೂ ಇದೆ. ಆದರೆ ಆ ಸುಳ್ಳಿನಿಂದ ಯಾರ ಗಲ್ಲೆ ತುಂಬುತ್ತದೆ, ಆ ನಿಜದ ಬೆತ್ತವನ್ನು ಯಾರು ಯಾರ ಬೆನ್ನಿನ ಮೇಲೆ ಬೀಸುತ್ತಾರೆ ಎಂಬುದನ್ನು ವಿಚಾರಿಸದೆ ನಮ್ಮ ಅಂಗಡಿಕಾರರನ್ನೂ ಗಿರಣಿಯ ಹುಡುಗರನ್ನೂ ಕಳ್ಳರ ಪಟ್ಟಿಗೆ ಸೇರಿಸಲು ನಾವು ತಯಾರಿಲ್ಲ.

ಮೊದಲು ಆ ಯಂತ್ರದ ಸಂಗತಿ. ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವ ಅಂಗಡಿಯಾಗಿ ಹುಟ್ಟಿದ್ದು ನಿಂಟೆಂಡೊ ಕಂಪನಿ. ೧೯೬೫ರಲ್ಲಿ ಗುನ್‌ಪೈ ಯೊಕೊಯ್ ಎಂಬ ಯುವಕರು ಅಲ್ಲಿ ಕೆಲಸಕ್ಕೆ ಸೇರಿದರು. ಎಲೆ ತಯಾರಿಸುವ ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ. ನಮ್ಮ ಗಿರಣಿಯ ಮಾತಿನಲ್ಲಿ ಹೇಳುವುದಾದರೆ ಮೆಂಟೆನೆನ್ಸ್ ಫಿಟ್ಟರು. ಬೇಸರ ಕಳೆಯಲು ಅವರು ಕತ್ತರಿಯಂತೆ ಮಡಚಿ ಚಾಚುವ ಒಂದು ಕೈಯನ್ನು ಮಾಡಿಕೊಂಡಿದ್ದರು. ಅದು ಧಣಿಯ ಕಣ್ಣಿಗೆ ಬಿತ್ತು. ಬೈಗುಳ ಬರುತ್ತದೆಂದು ಎಣಿಸಿದವರಿಗೆ, ಇದನ್ನೇ ಆಟಿಕೆ ಮಾಡಿಕೊಡು ಎಂಬ ಹುಕುಂ ಬಂತು. ೧೯೬೬ರಲ್ಲಿ ಅದು 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ ಪೇಟೆಗೆ ಬಂದು ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಇದೇ ಯೊಕೊಯ್ ೧೯೮೦ರಲ್ಲಿ 'ಗೇಮ್ ಅಂಡ್ ವಾಚ್' ಮಾಡಿದರು. ೧೯೮೯ರಲ್ಲಿ ಅವರ ಪಂಗಡದಿಂದ ಗೇಮ್‌ಬಾಯ್ ಹೊರಬಿತ್ತು.

ಬಾಡಿದ ತಂತ್ರವನ್ನು ಹೊಸ ದಿಕ್ಕಿನಿಂದ ಯೋಚಿಸಿ ಬಳಸಬೇಕು ಎಂಬುದು ಯೊಕೊಯ್ ಅವರ ಸೂತ್ರ. ಬೆಲೆ ಇಳಿದ, ಕೆಡದ, ಎಲ್ಲರಿಗೂ ಕೈಹತ್ತಿದ ಭಾಗಗಳಿಂದ ಯಂತ್ರ ಕಟ್ಟು ಎಂದು ಅದರ ಅರ್ಥ. ಗೇಮ್‌ಬಾಯ್‌ಗೆ ಬಣ್ಣವಿರಲಿಲ್ಲ. ಅಡ್ಡ ೧೬೦, ಉದ್ದ ೧೪೪ ಚುಕ್ಕೆಗಳ ಪರದೆ. ಪಾಚಿಯ ಬಣ್ಣದ ನಾಲ್ಕು ಛಾಯೆಗಳು. ನಾಲ್ಕು ಪೆನ್ ಸೆಲ್ಲು. ಮರುವರ್ಷವೇ ಸೆಗಾ ಕಂಪನಿ ಬಣ್ಣದ ಪರದೆಯ ಗೇಮ್ ಗಿಯರ್ ತಂದಿತು. ಆರು ಸೆಲ್ಲು ನುಂಗಿ ಮೂರು ನಾಲ್ಕು ಗಂಟೆಯಲ್ಲಿ ಅದು ಮಲಗಿಬಿಡುತ್ತಿತ್ತು. ಬಡವರ ಬ್ಯಾಟರಿ ಲೆಕ್ಕ ಬಲ್ಲ ಫಿಟ್ಟರ ಯಂತ್ರವೇ ಗೆದ್ದಿತು. ೧೯೯೮ರ ಬಣ್ಣದ ಮಾದರಿಯನ್ನೂ ಸೇರಿಸಿದರೆ ಗೇಮ್‌ಬಾಯ್ ಮಾರಾಟವಾದದ್ದು ೧೧ ಕೋಟಿ ೮೬ ಲಕ್ಷ.

ಆ ಕೋಟಿಗಳಲ್ಲಿ ನಮ್ಮಂಥ ಊರಿಗೆ ಬಂದದ್ದೆಷ್ಟು? ಮುಂಬಯಿಗೋ ದುಬೈಗೋ ಹೋಗಿಬಂದ ನೆಂಟರಿದ್ದ ಮನೆಯ ಹುಡುಗನ ಕೈಯಲ್ಲಿ ಒಂದನ್ನು ಕಂಡಿದ್ದರೆ ಹೆಚ್ಚು. ತೊಂಬತ್ತರ ದಶಕದಲ್ಲಿ ನಮ್ಮ ಜಾತ್ರೆಗಳಿಗೆ ಬಂದದ್ದು '೯೯೯೯ ಆಟ' ಎಂದು ಮುಖದ ಮೇಲೆ ಬರೆದುಕೊಂಡ ಇಟ್ಟಿಗೆ ಆಟದ ಅಗ್ಗದ ಡಬ್ಬಿ. ಒಳಗೆ ಇದ್ದದ್ದು ಹತ್ತಿಪ್ಪತ್ತು ಆಟ, ಉಳಿದದ್ದು ಅವುಗಳದೇ ವೇಗ ಬದಲಿಸಿದ ಹೆಸರು. ಆದ್ದರಿಂದ ಅಮೆರಿಕದ ನಲವತ್ತು ವರ್ಷದವರಿಗೆ ಹಳೆಯ ನೆನಪಾಗಿರುವ ಆಟವು ನಮ್ಮ ರಿಂಗ್ ಫ್ರೇಮ್ ವಿಭಾಗದ ಹುಡುಗನಿಗೆ ಇಂದು ಮೊದಲ ಸಲ ಸಿಕ್ಕಿದೆ. ಮಹಾಶಯರು ಕಸಿದುಕೊಳ್ಳಬೇಕೆಂದು ಹೊರಟಿರುವುದು ಇದನ್ನೇ.

ಎಮ್ಯುಲೇಟರ್ ಎಂದರೇನು? ನೇಕಾರಿಕೆ ಬಲ್ಲ ಓದುಗರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಸೆರಗಿನ ಚಿತ್ರ ಮಗ್ಗದೊಳಗೆ ಇರುವುದಿಲ್ಲ. ತೂತು ಹೊಡೆದ ರಟ್ಟಿನ ಸರದಲ್ಲಿ ಇರುತ್ತದೆ. ಮಗ್ಗವು ಒಂದೊಂದೇ ರಟ್ಟನ್ನು ಓದಿ ಎಳೆ ಎತ್ತುತ್ತದೆ. ಗೇಮ್‌ಬಾಯ್ ಎಂಬುದು ಮಗ್ಗ. ಅದಕ್ಕೆ ಸಿಕ್ಕಿಸುವ ಕಾರ್ಟ್ರಿಜ್ ರಟ್ಟಿನ ಸರ. ಹಳೆಯ ಮಗ್ಗ ಮುರಿದುಬಿದ್ದಾಗ ಯಾರೋ ಒಬ್ಬ ಜಾಣ ಅದೇ ರಟ್ಟುಗಳನ್ನು ಓದಬಲ್ಲ ಬೇರೊಂದು ಮಗ್ಗವನ್ನು ತನ್ನ ಸ್ವಂತ ಮರದಲ್ಲಿ ಕಟ್ಟಿದರೆ ಅದೇ ಎಮ್ಯುಲೇಟರ್. ವ್ಯತ್ಯಾಸವಿಷ್ಟೇ, ಇಲ್ಲಿ ಮರ ಕಬ್ಬಿಣ ಇಲ್ಲ, ಎಲ್ಲವೂ ಲೆಕ್ಕ. ಗೇಮ್‌ಬಾಯ್‌ನ ಹೃದಯ ಸೆಕೆಂಡಿಗೆ ಸುಮಾರು ೪೨ ಲಕ್ಷ ಸಲ ಬಡಿಯುತ್ತಿತ್ತು. ಇಂದಿನ ಅಗ್ಗದ ಫೋನಿನದು ನೂರು ಕೋಟಿಗೂ ಮೇಲೆ. ಆದುದರಿಂದ ಫೋನು ಹಗಲುವೇಷಗಾರನಂತೆ ಗೇಮ್‌ಬಾಯ್‌ನ ವೇಷ ಕಟ್ಟಿಕೊಂಡು, ಆ ಯಂತ್ರ ಮಾಡುತ್ತಿದ್ದ ಒಂದೊಂದು ಸಣ್ಣ ಕೆಲಸವನ್ನೂ ತಾನು ಮಾಡಿ ತೋರಿಸುತ್ತದೆ. ಬೆವರೂ ಬರುವುದಿಲ್ಲ.

ಈ ವೇಷ ಹೊಲಿದವರು ಯಾರು? ಕಂಪನಿಯವರು ಅವರಿಗೆ ಒಳನಕ್ಷೆ ಕೊಡಲಿಲ್ಲ. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಫಿಟ್ಟರ್ ನಮ್ಮಲ್ಲಿದ್ದಾರಲ್ಲ, ಅಂಥವರು ಇವರು. ಹಳೆಯ ಯಂತ್ರಕ್ಕೆ ಸಾವಿರ ಬಗೆಯ ಪರೀಕ್ಷೆ ಇಟ್ಟು, ಹೀಗೆ ಕೇಳಿದರೆ ಹೀಗೆ ಉತ್ತರಿಸುತ್ತದೆ ಎಂದು ಬರೆದಿಟ್ಟುಕೊಂಡು, ಕಂಡದ್ದನ್ನು ಜಗತ್ತಿಗೆಲ್ಲ ಬಿಟ್ಟಿಯಾಗಿ ಹಂಚಿದರು. ಗೇಮ್‌ಬಾಯ್ ಅಡ್ವಾನ್ಸ್ ಎಂಬ ೨೦೦೧ರ ಯಂತ್ರಕ್ಕೆ ವಿಕಿ ಫೌ ಎಂಬುವರು ಬರೆದ ಎಂಜಿಬಿಎ, ಸೋನಿಯ ೨೦೦೪ರ ಪಿಎಸ್‌ಪಿಗೆ ಹೆನ್ರಿಕ್ ರಿಡ್‌ಗೋರ್ಡ್ ೨೦೧೨ರಿಂದ ಕಟ್ಟುತ್ತಿರುವ ಪಿಪಿಎಸ್‌ಎಸ್‌ಪಿಪಿ, ಇಂಥ ಎಲ್ಲ ವೇಷಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಡುವ ರೆಟ್ರೋಆರ್ಕ್, ಇವೆಲ್ಲ ಯಾರು ಬೇಕಾದರೂ ಬಿಚ್ಚಿ ಓದಬಹುದಾದ ತಂತ್ರಾಂಶಗಳು. ಯಂತ್ರದೊಳಗೆ ಕಂಪನಿಯು ಬರೆದಿಟ್ಟಿದ್ದ ಮೂಲ ಸಾಲುಗಳನ್ನು ಕೂಡ ಕದಿಯದೆ, ಎಂಜಿಬಿಎ ಅದಕ್ಕೆ ಬದಲಾಗಿ ತನ್ನದೇ ಸಾಲುಗಳನ್ನು ಬರೆದುಕೊಂಡಿದೆ. ಇದನ್ನು ಕಳ್ಳತನವೆಂದರೆ ಕಸುಬಿಗೆ ಏನೆಂದು ಹೆಸರಿಡಬೇಕು?

ಈ ಮಾತನ್ನು ನಾವಷ್ಟೇ ಹೇಳುತ್ತಿಲ್ಲ. ಕಂಪನಿಗಳ ಸ್ವಂತ ಪೇಟೆಯಾದ ಅಮೆರಿಕದಲ್ಲಿ ಸೋನಿಯು ಕನೆಕ್ಟಿಕ್ಸ್ ಎಂಬ ಚಿಕ್ಕ ಕಂಪನಿಯ ಮೇಲೆ ದಾವೆ ಹಾಕಿತ್ತು. ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಮಾಡಿದ್ದೇ ಅದರ ಅಪರಾಧ. ೨೦೦೦ದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ತೀರ್ಪು ಕೊಟ್ಟಿತು. ಸೋನಿ ಏನು ಮಾಡಿತು ಗೊತ್ತೇ? ನ್ಯಾಯಾಲಯದಲ್ಲಿ ಸೋತದ್ದನ್ನು ಹಣ ಕೊಟ್ಟು ಕೊಂಡುಕೊಂಡು, ೨೦೦೧ರಲ್ಲಿ ಆ ಎಮ್ಯುಲೇಟರಿನ ಮಾರಾಟವನ್ನೇ ನಿಲ್ಲಿಸಿತು. ಅದೇ ಕಾಲಕ್ಕೆ ಬ್ಲೀಮ್ ಎಂಬ ಇನ್ನೊಂದು ಚಿಕ್ಕ ಸಂಸ್ಥೆ ವಕೀಲರ ಖರ್ಚು ತಾಳಲಾರದೆ ಬಾಗಿಲು ಹಾಕಿತು. ಗೆದ್ದವನೂ ಹೋದ, ತಾಳದವನೂ ಹೋದ. ಇದಕ್ಕಿಂತ ರುಚಿಯಾದ ಸಂಗತಿ ಮುಂದಿದೆ. ೨೦೧೮ರಲ್ಲಿ ಸೋನಿ 'ಪ್ಲೇಸ್ಟೇಷನ್ ಕ್ಲಾಸಿಕ್' ಎಂಬ ಪುಟ್ಟ ಪೆಟ್ಟಿಗೆಯನ್ನು ಹಳೆಯ ಆಟ ತುಂಬಿ ಮಾರಿತು. ಅದರೊಳಗೆ ಆಟ ನಡೆಸುತ್ತಿದ್ದದ್ದು ಪಿಸಿಎಸ್‌ಎಕ್ಸ್ ರೀಆರ್ಮ್ಡ್, ಅಂದರೆ ಹವ್ಯಾಸಿಗಳು ಬಿಟ್ಟಿಯಾಗಿ ಬರೆದಿಟ್ಟಿದ್ದ ಮುಕ್ತ ಎಮ್ಯುಲೇಟರ್! ಆ ತಂತ್ರಾಂಶದ ಪರವಾನಗಿ ಹಾಗೆ ಬಳಸಲು ಅವಕಾಶ ಕೊಡುತ್ತದೆ, ಸೋನಿಯು ಕಾನೂನು ಮುರಿಯಲಿಲ್ಲ. ಬಡವ ಬಳಸಿದರೆ ಕಳ್ಳಮಾಲು, ಧಣಿ ಬಳಸಿದರೆ ಕ್ಲಾಸಿಕ್ ಎಂಬ ಭಾಷೆ ಯಾವ ಶಾಲೆಯಲ್ಲಿ ಕಲಿಸುತ್ತಾರೆ ಎಂದಷ್ಟೇ ನಮ್ಮ ಪ್ರಶ್ನೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಮನ್ನು ತೆರೆದು ನೋಡಿ. ಕಂಪ್ಯೂಟರ್ ಕ್ರಮವಿಧಿಯೊಂದು ಹೇಗೆ ನಡೆಯುತ್ತದೆಂದು ಗಮನಿಸುವುದು, ಅಭ್ಯಾಸ ಮಾಡುವುದು, ಪರೀಕ್ಷಿಸುವುದು ಉಲ್ಲಂಘನೆಯಲ್ಲ. ಸ್ವತಂತ್ರವಾಗಿ ಬರೆದ ಬೇರೊಂದು ಕ್ರಮವಿಧಿ ಅದರೊಡನೆ ಹೊಂದಿ ನಡೆಯಲು ಬೇಕಾದ, ಬೇರೆಲ್ಲೂ ಸುಲಭವಾಗಿ ಸಿಗದ ಮಾಹಿತಿಯನ್ನು ಪಡೆಯುವುದೂ ಉಲ್ಲಂಘನೆಯಲ್ಲ. ನ್ಯಾಯವಾಗಿ ಪಡೆದ ಸ್ವಂತ ಪ್ರತಿಯಿಂದ, ವ್ಯಾಪಾರಕ್ಕಲ್ಲದೆ ತನ್ನ ಬಳಕೆಗಾಗಿ ನಕಲು ಮಾಡಿಕೊಳ್ಳುವುದಕ್ಕೂ ಅಲ್ಲಿ ಅನುಮತಿಯಿದೆ. ಎಮ್ಯುಲೇಟರ್ ಇಟ್ಟುಕೊಳ್ಳುವುದೇ ಅಪರಾಧ ಎಂದ ಮಹಾಶಯರು ಯಾವ ದೇಶದ ಕಾಯಿದೆ ಓದಿದರೋ ನಮಗೆ ತಿಳಿಯದು.

ಇಲ್ಲಿಗೆ ಅವರ ಮಾತಿನ ಸುಳ್ಳು ಮುಗಿಯಿತು. ಇನ್ನು ನಿಜ. ಮಗ್ಗ ನಿನ್ನದಾದ ಮಾತ್ರಕ್ಕೆ ಇನ್ನೊಬ್ಬನ ರಟ್ಟಿನ ಸರ ನಿನ್ನದಾಗುವುದಿಲ್ಲ. ಕಾರ್ಟ್ರಿಜ್‌ನಿಂದ ತೆಗೆದ ಆಟದ ಕಡತವನ್ನು ರಾಮ್ ಅಲ್ಲ, ರೋಮ್ ಎನ್ನುತ್ತಾರೆ. ಸಾವಿರ ಆಟಗಳ ರೋಮ್‌ಗಳನ್ನು ಎಲ್ಲಿಂದಲೋ ಇಳಿಸಿ ಗಿರಾಕಿಗಳ ಫೋನಿಗೆ ಐವತ್ತು ರೂಪಾಯಿಗೆ ತುಂಬುವುದು ಅದೇ ಕಾಯಿದೆಯ ೬೩ನೆಯ ಕಲಮಿಗೆ ನೇರವಾಗಿ ತಗಲುತ್ತದೆ. ಆರು ತಿಂಗಳಿಂದ ಮೂರು ವರ್ಷದ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದೆ ಮಾಡಿದವನಿಗೆ ಶಿಕ್ಷೆ ಇಳಿಸಲು ನ್ಯಾಯಾಧೀಶರಿಗೆ ದಾರಿಯುಂಟು. ಅಂಗಡಿಯ ಬೋರ್ಡಿನ ಮೇಲೆ ಬರೆಸಿ ದುಡ್ಡು ತೆಗೆದುಕೊಂಡವನಿಗೆ ಆ ದಾರಿಯೂ ಇಲ್ಲ. ಮಿತ್ರರಿಗೆ ಇದು ಕಹಿಯಾಗಬಹುದು. ಆದರೆ ನಮ್ಮ ಪತ್ರಿಕೆ ನಮ್ಮವರಿಗೆ ಸಿಹಿ ಹಂಚಲು ನಡೆಯುತ್ತಿಲ್ಲ. ೨೦೧೮ರಲ್ಲಿ ಅಮೆರಿಕದಲ್ಲಿ ಹೀಗೆ ರೋಮ್ ಹಂಚುತ್ತಿದ್ದ ಎರಡು ತಾಣಗಳ ಒಡೆಯರ ಮೇಲೆ ನಿಂಟೆಂಡೊ ದಾವೆ ಹಾಕಿ, ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರಿಗೂ ಮೇಲಿನ ತೀರ್ಪು ಪಡೆಯಿತು.

ಸರಿ, ಹುಡುಗ ಪ್ರಾಮಾಣಿಕನಾಗಬೇಕೆಂದು ನಿಶ್ಚಯಿಸಿದ ಎನ್ನಿ. ಕಿಸೆಯಲ್ಲಿ ದುಡ್ಡು ಹಿಡಿದುಕೊಂಡು ಹೊರಟ. ಎಲ್ಲಿ ಕೊಳ್ಳಬೇಕು?

ನಮ್ಮ ವಾದದ ತಿರುಳು ಇಲ್ಲಿದೆ. ೨೦೨೩ರ ಜುಲೈಯಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಒಂದು ಅಧ್ಯಯನ ಪ್ರಕಟಿಸಿತು. ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಪ್ರತಿಶತ ೮೭ ಇಂದು ಯಾವ ಪೇಟೆಯಲ್ಲೂ ಮಾರಾಟಕ್ಕಿಲ್ಲ. ಗೇಮ್‌ಬಾಯ್ ಕುಟುಂಬದ ಆಟಗಳದು ಇನ್ನೂ ಕಡೆ. ನೂರಕ್ಕೆ ಆರು ಕೂಡ ಸಿಗುವುದಿಲ್ಲ. ಹಳೆಯ ಯಂತ್ರ, ಹಳೆಯ ಕಾರ್ಟ್ರಿಜ್‌ಗಳನ್ನು ಸಂಗ್ರಹಕಾರರಿಂದ ಕೊಳ್ಳಬಹುದು; ಆ ಹಣದಲ್ಲಿ ಒಂದು ಪೈಸೆಯೂ ಆಟ ಮಾಡಿದವನಿಗೆ ಹೋಗುವುದಿಲ್ಲ. ಕೊಂಡ ಕಾರ್ಟ್ರಿಜ್ ಕೂಡ ಅಮರವಲ್ಲ. ಆಡಿದ ಆಟವನ್ನು ನೆನಪಿಟ್ಟುಕೊಳ್ಳಲು ಎಷ್ಟೋ ಕಾರ್ಟ್ರಿಜ್‌ಗಳೊಳಗೆ ನಾಣ್ಯದಂಥ ಬ್ಯಾಟರಿಯಿದೆ. ಇಪ್ಪತ್ತು ಮೂವತ್ತು ವರ್ಷಕ್ಕೆ ಅದು ಸತ್ತು, ಕೂಡಿಸಿದ್ದೆಲ್ಲ ಅಳಿಸಿಹೋಗುತ್ತದೆ.

ನಿಂಟೆಂಡೊ ತಾನೇ ಕೆಲವು ಹಳೆಯ ಆಟಗಳನ್ನು ೩ಡಿಎಸ್ ಎಂಬ ಕೈಯಂತ್ರದ ಅಂಗಡಿಯಲ್ಲಿ ಮಾರುತ್ತಿತ್ತು. ಜನ ಕೊಂಡರು. ೨೦೨೩ರ ಮಾರ್ಚ್ ೨೭ರಂದು ಆ ಅಂಗಡಿಯಲ್ಲಿ ಕೊಳ್ಳುವುದನ್ನು ಮುಚ್ಚಲಾಯಿತು. ಅದಕ್ಕೆ ಒಂದು ತಿಂಗಳ ಹಿಂದೆಯೇ ಗೇಮ್‌ಬಾಯ್ ಆಟಗಳ ಒಂದು ಸಣ್ಣ ಆಯ್ಕೆಯನ್ನು ಸ್ವಿಚ್ ಎಂಬ ಹೊಸ ಯಂತ್ರದಲ್ಲಿ ವರ್ಷದ ಚಂದಾ ಲೆಕ್ಕದಲ್ಲಿ ತೆರೆದಿದ್ದರು. ಒಮ್ಮೆ ದುಡ್ಡು ಕೊಟ್ಟು ಕೊಂಡದ್ದು ಇನ್ನು ವರುಷ ವರುಷ ಬಾಡಿಗೆಗೆ. ಚಂದಾ ನಿಂತ ದಿನ ಆಟವೂ ನಿಲ್ಲುತ್ತದೆ. ಚಾಳಿನ ಬಾಡಿಗೆ ಕಟ್ಟುವ ನಮ್ಮ ಓದುಗರಿಗೆ ಈ ವ್ಯವಸ್ಥೆಯನ್ನು ವಿವರಿಸುವ ಅಗತ್ಯವಿಲ್ಲ.

ಹೀಗೆ ಮಾರದೆ ಬಿಟ್ಟ ನೂರರಲ್ಲಿ ತೊಂಬತ್ತನಾಲ್ಕು ಆಟಗಳು ಯಾವಾಗ ಸಾರ್ವಜನಿಕರದಾಗುತ್ತವೆ? ಅಮೆರಿಕದ ಕಾನೂನಿನಲ್ಲಿ ಕಂಪನಿಯ ಕೃತಿಗೆ ಪ್ರಕಟವಾದ ದಿನದಿಂದ ೯೫ ವರ್ಷದ ಒಡೆತನ. ೧೯೮೯ರಲ್ಲಿ ಹೊರಬಂದ ಆಟಕ್ಕೆ ೨೦೮೪ರ ಕೊನೆಯವರೆಗೆ ಬೀಗ. ನಮ್ಮ ಕಾಯಿದೆಯಲ್ಲಿ ಕ್ರಮವಿಧಿಯನ್ನು ಸಾಹಿತ್ಯಕೃತಿಯೆಂದು ಎಣಿಸಿ, ಕರ್ತೃ ತೀರಿಕೊಂಡ ಮೇಲೂ ೬೦ ವರ್ಷ ಕಾಯಿಸುತ್ತಾರೆ. ನಾಲ್ಕು ಸೆಲ್ಲಿನ ಪೆಟ್ಟಿಗೆಗೆ ಬರೆದ ೩೨ ಕಿಲೋಬೈಟಿನ ಆಟವನ್ನು ಮೊಮ್ಮಕ್ಕಳ ಕಾಲಕ್ಕೆ ತೆರೆದುಕೊಡುತ್ತೇವೆ ಎಂದರೆ ಅದು ತೆರೆಯುವುದೇ, ಹೂಳುವುದೇ? ಅಂದಹಾಗೆ, ಗೇಮ್‌ಬಾಯ್‌ನ ಟೆಟ್ರಿಸ್ ಇರುವುದು ಅಷ್ಟೇ, ೩೨ ಕಿಲೋಬೈಟ್. ಬೆಳಗಾದರೆ ವಾಟ್ಸಾಪಿನಲ್ಲಿ ಬಂದು ಬೀಳುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದೊಡ್ಡದು.

ಹೋಗಲಿ, ಗ್ರಂಥಾಲಯಗಳಾದರೂ ಕಾಪಾಡಲಿ ಎಂದರೆ ಅದಕ್ಕೂ ಅಡ್ಡಿ. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರು ದೂರದಿಂದಲೇ ತೆರೆದು ನೋಡಲು ಗ್ರಂಥಾಲಯಗಳಿಗೆ ಅನುಮತಿ ಕೊಡಿ ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಮುಂದೆ ಕೋರಿಕೆ ಹೋಗಿತ್ತು. ಆಟದ ಕಂಪನಿಗಳ ಸಂಘ ವಿರೋಧಿಸಿತು. ೨೦೨೪ರ ಅಕ್ಟೋಬರಿನಲ್ಲಿ ಕೋರಿಕೆ ತಿರಸ್ಕೃತವಾಯಿತು. ಜನ ಅಲ್ಲಿ ಸುಮ್ಮನೆ ಆಡಿಕೊಂಡು ಕೂತುಬಿಟ್ಟಾರು ಎಂಬ ಭಯ ಇದರ ಹಿಂದಿತ್ತು. ಮಾರುವುದೂ ಇಲ್ಲ, ಇಡಲು ಬಿಡುವುದೂ ಇಲ್ಲ. ಹುಲ್ಲಿನ ಬಣವೆಯ ಮೇಲೆ ಮಲಗಿದ ನಾಯಿ ತಾನೂ ತಿನ್ನದು, ಎತ್ತಿಗೂ ಬಿಡದು.

"ಆಟ ಮಾಡಿದವರ ಹೊಟ್ಟೆಪಾಡು?" ಎಂದು ಮಹಾಶಯರು ಕೇಳಬಹುದು. ದುಡಿದವರ ಹೊಟ್ಟೆಯ ಮಾತು ಬಂದಾಗ ನಾವು ಎದ್ದು ನಿಂತು ಕೇಳುವವರು. ಆದುದರಿಂದ ಟೆಟ್ರಿಸ್ ಮಾಡಿದವರ ಕಥೆಯನ್ನೇ ಹೇಳುತ್ತೇವೆ. ೧೯೮೪ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿಟ್ನೊವ್ ಎಲೆಕ್ಟ್ರಾನಿಕಾ ೬೦ ಎಂಬ ಗಣಕದ ಮೇಲೆ ಅದನ್ನು ಬರೆದರು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಆಟ ಮಾಸ್ಕೋ ತುಂಬ ಹಬ್ಬಿ ಗಡಿ ದಾಟಿತು. ಗಮನಿಸಿರಿ, ಲೋಕಕ್ಕೆ ಅದು ಪರಿಚಯವಾದದ್ದೇ ನಕಲಿನಿಂದ. ಆಮೇಲೆ ಹಕ್ಕಿಗಾಗಿ ಪಶ್ಚಿಮದ ಕಂಪನಿಗಳು ಕಚ್ಚಾಡಿದವು. ಸೋವಿಯತ್ ಸರಕಾರದ ರಫ್ತು ಸಂಸ್ಥೆಯೊಡನೆ ೧೯೮೯ರಲ್ಲಿ ಒಪ್ಪಂದವಾಗಿ, ಗೇಮ್‌ಬಾಯ್ ಜೊತೆಯಲ್ಲಿ ಟೆಟ್ರಿಸ್ ಕೋಟಿಗಟ್ಟಲೆ ಮನೆಗಳಿಗೆ ಹೋಯಿತು. ಕೋಟಿ ಕೋಟಿ ಗಳಿಕೆಯಾದ ಆ ವರ್ಷಗಳಲ್ಲಿ ಪಜಿಟ್ನೊವ್ ಅವರಿಗೆ ರಾಯಧನವೆಂದು ಬಂದದ್ದು ಸೊನ್ನೆ; ೧೯೯೬ರಲ್ಲಿ ಹಕ್ಕು ಅವರ ಕೈಗೆ ಮರಳಿದ ಮೇಲೆಯೇ ಅವರು ಅದರ ಮುಖ ಕಂಡದ್ದು. ಇಲ್ಲಿ ನಾವು ಸೋವಿಯತ್ ಕಚೇರಿಯ ವಕಾಲತ್ತು ಹಿಡಿಯುವುದಿಲ್ಲ. ದುಡಿದವನ ಪಾಲನ್ನು ಕಚೇರಿ ನುಂಗಿದರೂ ಒಂದೇ, ಕಂಪನಿ ನುಂಗಿದರೂ ಒಂದೇ. ಅಮೆರಿಕದ ಅಟಾರಿಯಲ್ಲಿ ಆಟ ಬರೆದವರ ಹೆಸರನ್ನು ಡಬ್ಬಿಯ ಮೇಲೆ ಹಾಕದೆ ಇದ್ದುದರಿಂದಲೇ ನಾಲ್ವರು ಎದ್ದುಹೋಗಿ ೧೯೭೯ರಲ್ಲಿ ಆಕ್ಟಿವಿಷನ್ ಕಟ್ಟಿದ್ದು. ಇನ್ನು ನಮ್ಮ ಫಿಟ್ಟರ್ ಯೊಕೊಯ್. ಅವರು ೧೯೯೬ರಲ್ಲಿ ನಿಂಟೆಂಡೊ ಬಿಟ್ಟರು, ೧೯೯೭ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ೨೦೮೪ರ ತನಕ ಬೀಗ ಹಾಕಿಟ್ಟರೆ ಇವರಲ್ಲಿ ಯಾರ ಮನೆಯ ಒಲೆ ಉರಿಯುತ್ತದೆ?

ಒಂದು ಮಾತನ್ನು ನಾವು ಒಪ್ಪುತ್ತೇವೆ. ಇಂದು ಪೇಟೆಯಲ್ಲಿ ಮಾರಾಟವಾಗುತ್ತಿರುವ ಆಟವನ್ನು ದುಡ್ಡು ಕೊಡದೆ ಆಡುವುದು ಬೇರೆ ಸಂಗತಿ. ಸ್ವಿಚ್ ಯಂತ್ರ ಪೇಟೆಯಲ್ಲಿದ್ದಾಗಲೇ ಅದರ ಎಮ್ಯುಲೇಟರ್ ಮಾಡಿದ ಯುಜು ತಂಡದ ಮೇಲೆ ನಿಂಟೆಂಡೊ ೨೦೨೪ರ ಫೆಬ್ರವರಿ ೨೬ರಂದು ದಾವೆ ಹಾಕಿತು. ಒಂದು ವಾರದೊಳಗೆ, ಮಾರ್ಚ್ ೪ರಂದು, ೨೪ ಲಕ್ಷ ಡಾಲರ್ ಕೊಡಲು ಒಪ್ಪಿ ತಂಡ ಶರಣಾಯಿತು. ಆ ತಂಡದವರು ಬೆಂಬಲಿಗರಿಂದ ತಿಂಗಳು ತಿಂಗಳು ಹಣ ಎತ್ತುತ್ತಿದ್ದರು. ಅವರಿಗಾಗಿ ನಾವು ಕಣ್ಣೀರು ಸುರಿಸುವುದಿಲ್ಲ. ಆದರೆ ಅದೇ ಏಟಿಗೆ ಸಿಟ್ರಾ ಕೂಡ ನಿಂತುಹೋಯಿತಲ್ಲ, ಅದರ ಲೆಕ್ಕ ಕೊಡುವವರಾರು? ಸಿಟ್ರಾ ೩ಡಿಎಸ್‌ನ ಎಮ್ಯುಲೇಟರ್. ಕಂಪನಿಯೇ ಅಂಗಡಿ ಮುಚ್ಚಿ ವರ್ಷವಾಗುತ್ತ ಬಂದಿದ್ದ ಯಂತ್ರ ಅದು.

ಧಣಿಗಳನ್ನು ಬೈದು ಇತರರನ್ನು ಬಿಟ್ಟರೆ ನ್ಯಾಯವಾಗದು. ಈ ಬಿಟ್ಟಿ ದುಡಿಮೆಯ ಮೇಲೆ ಕೂತು ಉಣ್ಣುವ ಇನ್ನೊಂದು ಜಾತಿಯಿದೆ. ಆಪಲ್ ಕಂಪನಿ ವರ್ಷಗಟ್ಟಲೆ ತನ್ನ ಫೋನಿನ ಅಂಗಡಿಯಲ್ಲಿ ಎಮ್ಯುಲೇಟರಿಗೆ ಜಾಗ ಕೊಟ್ಟಿರಲಿಲ್ಲ. ೨೦೨೪ರ ಏಪ್ರಿಲಿನಲ್ಲಿ ನಿಯಮ ಸಡಿಲವಾದದ್ದೇ ತಡ, ಐಜಿಬಿಎ ಎಂಬುದೊಂದು ಓಡಿಬಂದು ಪಟ್ಟಿಯ ಮೇಲಕ್ಕೆ ಏರಿತು. ಬಿಚ್ಚಿ ನೋಡಿದರೆ, ರೈಲಿ ಟೆಸ್ಟಟ್ ಎಂಬ ತರುಣ ಎಷ್ಟೋ ವರ್ಷ ಹಿಂದೆ ಬರೆದು ಮುಕ್ತವಾಗಿ ಬಿಟ್ಟಿದ್ದ ತಂತ್ರಾಂಶಕ್ಕೆ ಜಾಹೀರಾತು ಹೊಲಿದ ಅಂಗಿ! ಆಪಲ್ ಅದನ್ನು ತೆಗೆದುಹಾಕಿತು. ಕೆಲವೇ ದಿನಗಳಲ್ಲಿ ಟೆಸ್ಟಟ್ ಅವರದೇ ಡೆಲ್ಟಾ ಜಾಹೀರಾತಿಲ್ಲದೆ ಬಿಟ್ಟಿಯಾಗಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಇಂಥ ಅಂಗಿ ತೊಟ್ಟವು ಇಂದಿಗೂ ಲೆಕ್ಕವಿಲ್ಲದಷ್ಟಿವೆ. ಆಟ ಶುರುವಾಗುವ ಮೊದಲು ಎರಡು ಜಾಹೀರಾತು, ಸೋತರೆ ಮೂರು. ಫೋನಿನ ಸಂಪರ್ಕ ಪಟ್ಟಿಗೆ, ಇರುವ ಜಾಗದ ಮಾಹಿತಿಗೆ ಅನುಮತಿ ಕೇಳಿದರೆ, ಹುಡುಗರೇ, ಕೂಡಲೆ ಅಳಿಸಿಬಿಡಿ. ೧೯೮೯ರ ಯಂತ್ರದ ವೇಷ ಕಟ್ಟುವುದಕ್ಕೆ ನಿಮ್ಮ ಮಾವನ ಫೋನ್ ನಂಬರು ಬೇಕಾಗಿಲ್ಲ.

ನಮ್ಮ ಪಂಗಡದ ಹಿರಿಯರಲ್ಲೂ ಕೆಲವರು, "ಕಾರ್ಮಿಕನಿಗೆ ಇದೆಲ್ಲ ಏತಕ್ಕೆ, ಹುಡುಗಾಟ" ಎನ್ನುತ್ತಾರೆ. ಅವರ ಮೇಲೆ ನಮಗೆ ಗೌರವವಿದೆ. ಎಂಟು ಗಂಟೆ ದುಡಿಮೆ ಎಂದು ನಮ್ಮ ಹಿರಿಯರು ಲಾಠಿ ತಿಂದದ್ದು ಉಳಿದ ಗಂಟೆಗಳಲ್ಲಿ ಮನುಷ್ಯ ತನ್ನ ಮನಸ್ಸಿಗೆ ಬಂದಂತೆ ಇರಲಿ ಎಂದು ತಾನೆ? ಹತ್ತಿಯ ಧೂಳಿನಲ್ಲ�� ನಿಂತು ಬಂದವನು ಬಸ್ಸಿಗೆ ಕಾಯುತ್ತ ಬೀಳುವ ಇಟ್ಟಿಗೆ ಜೋಡಿಸಿದರೆ ಯಾರ ಗಂಟು ಹೋಯಿತು? ಅದೇ ಫೋನಿನಲ್ಲಿ ಇನ್ನೇನು ಕಾದಿತ್ತೆಂಬುದನ್ನೂ ನೋಡಬೇಕು. ಹಣ ಕಟ್ಟಿ ಆಡುವ ರಮ್ಮಿ, ಕ್ರಿಕೆಟ್ ತಂಡ ಕಟ್ಟುವ ಜೂಜು, ಪಗಾರದ ದಿನವೇ ಪಗಾರ ನುಂಗಿದ್ದನ್ನು ನಾವು ಕಂಡಿದ್ದೇವೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಂಥ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಅದರ ಬಲೆಗೆ ಬೀಳದ 'ಬಿಟ್ಟಿ' ಆಟಗಳೂ ಇವೆಯಲ್ಲ, ಅವು ಹುಡುಗ ಸೋಲುವಂತೆ ಮಾಡಿ ಗೆಲ್ಲಲು ರತ್ನ ಕೊಳ್ಳು, ಪ್ರಾಣ ಕೊಳ್ಳು ಎಂದು ಕೈ ಒಡ್ಡುತ್ತವೆ. ಹಳೆಯ ಕೈಯಂತ್ರದ ಆಟಕ್ಕೆ ಈ ಚಾಳಿ ಗೊತ್ತಿಲ್ಲ. ನೆಟ್ ಆರಿಸಿದರೂ ನಡೆಯುತ್ತದೆ. ಬಹಳಷ್ಟಕ್ಕೆ ಒಂದು ಕೊನೆಯಿದೆ. ಮುಗಿದ ಮೇಲೆ ಫೋನು ಕಿಸೆಗೆ ಹೋಗುತ್ತದೆ. ಗಾಜಿನ ಮೇಲೆ ಬೆರಳು ಜಾರಿ ಜಾರಿ ಆಟ ಕೆಡುತ್ತದೆ, ಗುಂಡಿಯ ಸುಖ ಗಾಜಿಗೆ ಬರುವುದಿಲ್ಲ ಎಂಬುದು ನಿಜ. ಅಷ್ಟರಮಟ್ಟಿಗೆ ಯೊಕೊಯ್ ಅವರ ಅಡ್ಡ ಉದ್ದದ ಗುಂಡಿಯನ್ನು ಯಾವ ಫೋನೂ ಮೀರಿಸಿಲ್ಲ.

ಹಾಗಾದರೆ ನಾವು ಕೇಳುವುದೇನು? ಹೊಸದೇನನ್ನೂ ಅಲ್ಲ. ೧೯೫೭ರ ಕಾಯಿದೆಯಲ್ಲೇ ೩೧ನೆಯ ಕಲಮು ಇದೆ. ಒಮ್ಮೆ ಪ್ರಕಟವಾದ ಕೃತಿಯನ್ನು ಒಡೆಯನು ಮತ್ತೆ ಪ್ರಕಟಿಸಲು ಒಲ್ಲದೆ, ಅದರಿಂದ ಕೃತಿಯು ಜನರಿಗೆ ಸಿಗದಂತಾದರೆ, ಸಲ್ಲತಕ್ಕ ಪ್ರತಿಫಲ ಗೊತ್ತುಮಾಡಿ ಕಡ್ಡಾಯ ಪರವಾನಗಿ ಕೊಡಿಸಬಹುದು. ಮೊದಲು ಇದು ಭಾರತೀಯ ಕೃತಿಗಳಿಗಷ್ಟೇ ಇತ್ತು. ೨೦೧೨ರ ತಿದ್ದುಪಡಿ ಯಾವುದೇ ಕೃತಿ ಎಂದು ವಿಸ್ತರಿಸಿತು. ನಮ್ಮ ಶಾಸಕರು ಎಂದೋ ಒಪ್ಪಿರುವ ತತ್ತ್ವ ಇದು: ಹೂತಿಡುವುದಕ್ಕೆ ಒಡೆತನವಿಲ್ಲ. ಆದರೆ ಈ ಕಲಮಿನ ಬಾಗಿಲು ತಟ್ಟಲು ವಕೀಲರು ಬೇಕು, ವರ್ಷಗಳು ಬೇಕು. ಹಾಗಲ್ಲದೆ, ಇಷ್ಟು ವರ್ಷ ಯಾವ ಪೇಟೆಯಲ್ಲೂ ಮಾರದೆ ಬಿಟ್ಟ ಆಟವನ್ನು ಗ್ರಂಥಾಲಯಗಳು ಇಟ್ಟುಕೊಂಡು ಆಡಿಸಬಹುದು, ಒಡೆಯ ಎಚ್ಚೆತ್ತು ಮತ್ತೆ ಮಾರಲು ಬಂದರೆ ಅವನ ಹಕ್ಕು ಅವನಿಗೆ ಎಂದು ಕಾಯಿದೆಯಲ್ಲಿ ನೇರವಾಗಿ ಬರೆಯಿರಿ. ಪುಸ್ತಕ ಅಚ್ಚಾದರೆ ಪ್ರತಿಯನ್ನು ರಾಷ್ಟ್ರದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು ೧೯೫೪ರಷ್ಟು ಹಿಂದೆಯೇ ಕಾನೂನು ಮಾಡಿದ ದೇಶ ಇದು. ಕಟ್ಟಡ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವ ಅಂಗಡಿಕಾರರು ನಾವು.

ಕಾನೂನು ಬದಲಾಗುವ ತನಕ ಹುಡುಗರು ಕೈಕಟ್ಟಿ ಕೂಡಬೇಕಾಗಿಲ್ಲ. ಗೇಮ್‌ಬಾಯ್‌ಗೆಂದೇ ಇಂದಿಗೂ ಹೊಸ ಆಟಗಳನ್ನು ಬರೆಯುವವರಿದ್ದಾರೆ. ೨೦೧೯ರಿಂದ ಜಿಬಿ ಸ್ಟುಡಿಯೋ ಎಂಬ ಬಿಟ್ಟಿ ಸಾಧನ ಸಿಗುತ್ತಿದೆ. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸಲು ಬಂದರೆ ಸಾಕು, ಆಟ ಕಟ್ಟಬಹುದು. ಟೊಬು ಟೊಬು ಗರ್ಲ್, ಮೈಕ್ರೋ ಸಿಟಿ ಮುಂತಾದವನ್ನು ಮಾಡಿದವರೇ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಇವುಗಳನ್ನು ಎಮ್ಯುಲೇಟರಿನಲ್ಲಿ ಆಡಿದರೆ ಯಾವ ಕಂಪನಿಯ ವಕೀಲನೂ ತುಟಿ ಬಿಚ್ಚಲಾರ. ಕನ್ನಡದಲ್ಲೊಂದು ಮಾಡಲು ಹೊರಟವರಿಗೆ ಒಂದು ತೊಡಕು ಎದುರಾದೀತು. ಆ ಪರದೆಯ ಚೌಕ ಎಂಟಕ್ಕೆ ಎಂಟು ಚುಕ್ಕೆಯದು, ನಮ್ಮ ಒತ್ತಕ್ಷರ ಅದರಲ್ಲಿ ಹಿಡಿಯುವುದಿಲ್ಲ. ಎರಡು ಚೌಕ ಮೇಲೆ ಕೆಳಗೆ ಇಟ್ಟುಕೊಳ್ಳಬೇಕು, ಅಷ್ಟೆ.

ಅಂಗಡಿಯ ಮಿತ್ರರಿಗೆ ನಾವು ಹೇಳಿದ್ದು ಹೀಗೆ. ನೀವು ಕಳ್ಳರಲ್ಲ, ಆದರೆ ಬೋರ್ಡಿನ ಕೊನೆಯ ಸಾಲು ಕಳ್ಳತನದ ಸಾಲು, ಅದನ್ನು ಅಳಿಸಿ. ಎಮ್ಯುಲೇಟರ್ ಹಾಕಿಕೊಡಿ, ಜಾಹೀರಾತಿನದನ್ನು ಕಿತ್ತು ಮುಕ್ತವಾದದ್ದನ್ನು ಹಾಕಿಕೊಡಿ, ಮಾಡಿದವರೇ ಬಿಟ್ಟಿ ಕೊಟ್ಟ ಆಟಗಳನ್ನು ಜೊತೆಗೆ ಇಡಿ, ಜೋಡಿಸಿಕೊಟ್ಟ ಶ್ರಮಕ್ಕೆ ಕೂಲಿ ತೆಗೆದುಕೊಳ್ಳಿ. ಯಾರಾದರೂ ತಮ್ಮ ಸ್ವಂತ ಕಾರ್ಟ್ರಿಜ್ ತಂದರೆ ಅದರ ಪ್ರತಿಯನ್ನು ಅವರೇ ತಮ್ಮ ಬಳಕೆಗೆ ಇಳಿಸಿಕೊಳ್ಳುವ ಬಗೆ ಕಲಿಸಿಕೊಡಿ. ಮಿತ್ರರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಸಾವಿರ ಆಟ ಅಂದರೆ ಐವತ್ತು ಕೊಡ್ತಾರೆ. ಹತ್ತು ಆಟಕ್ಕೆ ಇಪ್ಪತ್ತೂ ಹುಟ್ಟೋದಿಲ್ಲ ನೋಡ್ರಿ" ಎಂದರು. ಆ ಲೆಕ್ಕವೂ ಸರಿಯೇ. ಭಾನುವಾರ ಪೇಂಟರನ್ನು ಕರೆಸುತ್ತೇನೆಂದು ಹೇಳಿಹೋಗಿದ್ದಾರೆ.